ಕೂಗದ ಅಲಾರಂ

ರಾತ್ರಿ ಅಪ್ಪ ಮುಖಕ್ಕೆ ಮಾಸ್ಕ್ ಹಾಕಿ ಮಲಗುತ್ತಿದ್ದ ಉಸಿರಾಟದ ಯಂತ್ರ, ಉಸಿರು ನಿಂತರೆ ಅಲಾರಂ ಕೂಗುತ್ತಿತ್ತು. ಕೇಳಿಸಿಕೊಂಡು ಓಡಬೇಕಾದವಳು ಪಕ್ಕದ ಕೋಣೆಯಲ್ಲಿದ್ದ ನಾನು.

“ಕೂಗೇ ಇರತ್ತೆ. ನಿನ್ನ ನಿದ್ದೆ ನಂಗೊತ್ತಿಲ್ವಾ?” ಎಂದ ಅಣ್ಣ, ತಿಥಿಯ ದಿನ.

“ಬಿಡೋ, ಅವಳನ್ನ ಅನ್ಬೇಡ,” ಎಂದಳು ಅಪ್ಪನ ಕೋಣೆಯಲ್ಲೇ ಮಲಗುತ್ತಿದ್ದ ಅಮ್ಮ.

ಕೂಗಿತ್ತೋ ಇಲ್ಲವೋ ನನಗೆ ತಿಳಿಯಬೇಕಿತ್ತು. ಅಪ್ಪ ಸತ್ತ ಆ ರಾತ್ರಿಗೆ ಯಂತ್ರದ ಕಂಪನಿಯ ಆ್ಯಪ್ ‘ಉತ್ತಮ ನಿದ್ದೆ’ ಎಂದಷ್ಟೇ ತೋರಿಸಿತು. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶದಲ್ಲಿ ಯಂತ್ರದ ಮೆಮೊರಿ ಕಾರ್ಡ್ ತೆರೆದೆ. ನಡುರಾತ್ರಿ ಅಪ್ಪನ ಉಸಿರಿನ ಗೆರೆ ಸಪಾಟಾಗಿತ್ತು. ಅಲಾರಂ ಕೂಗುವ ಮೊದಲೇ ಅದೇ ಮಾಸ್ಕಿನಲ್ಲಿ ಬೇರೊಬ್ಬರ ಹಗುರವಾದ ಉಸಿರು ಶುರುವಾಗಿ ಬೆಳಗಿನವರೆಗೂ ನಡೆದಿತ್ತು.

“ಏನಾದ್ರೂ ಸಿಕ್ತಾ?” ಅಣ್ಣ ಕೇಳಿದ. ಅಮ್ಮ ತಲೆ ಎತ್ತಲಿಲ್ಲ.

“ಅಲಾರಂ ಕೂಗಿದೆ ಅಣ್ಣ,” ಎಂದೆ. “ನಂಗೇ ಎಚ್ಚರ ಆಗ್ಲಿಲ್ಲ.”