ಮಕಮಲ್ ಎಲೆಯ ಗಿಡ

"ಶಾಂತಲಿಂಗಪ್ಪನವರ, ಈ ಗಿಡ ನಮ್ಮ ಬಂಗ್ಲೆಕ್ಕ ಕಳಸ್ರಿ," ಎನ್ನುತ್ತ ನಿಜಾಮ ಸರಕಾರದ ತಹಸೀಲ್ದಾರರು ಕುಂಡದ ಮೇಲೆ ಬಾಗಿದರು. ಮಕಮಲ್ಲಿನಂಥ ಕಪ್ಪುಹಸಿರು ಎಲೆಯ ತುಂಬ ಬಿಳಿ ನರಗಳು. ಜೇವರ್ಗಿಯಲ್ಲಿ ಅಂಥ ಗಿಡ ಇನ್ನೊಂದಿರಲಿಲ್ಲ.

ಬಾಗಿಲ ಹಿಂದೆ ನಿಂತಿದ್ದ ಸೊಸೆ ಸುಮಿತ್ರಾಬಾಯಿ ಚೌಕಟ್ಟು ಹಿಡಿದು ಇಣುಕಿದಳು. ಅದರ ಗಡ್ಡೆಯನ್ನು ಅವಳ ಅಣ್ಣ ಮುಂಬಯಿಯಿಂದ ತಂದುಕೊಟ್ಟಿದ್ದ. ಹೂವಿಲ್ಲದ, ಕಾಯಿಲ್ಲದ ಗಿಡಕ್ಕೆ ಇಷ್ಟೇಕೆ ಆರೈಕೆ ಎಂದು ಮನೆಮಂದಿ ನಕ್ಕಿದ್ದರು. ಅವಳು ಅದನ್ನು ನೀರಿನ ಹರವಿಗಳ ಮಗ್ಗುಲಲ್ಲಿಟ್ಟು, ಬೇಸಿಗೆಯುದ್ದಕ್ಕೂ ಸುತ್ತ ಒದ್ದೆ ಗೋಣಿತಟ್ಟು ಕಟ್ಟಿ ಬದುಕಿಸಿಕೊಂಡಿದ್ದಳು. ಸರಕಾರದವರು ಕೇಳಿದ್ದಕ್ಕೆ ಮಾವ ಶಾಂತಲಿಂಗಪ್ಪ ಎಂದೂ ಇಲ್ಲ ಎಂದವರಲ್ಲ.

ಮಾವ ಕುಂಡದ ಸುತ್ತಲಿನ ಒದ್ದೆ ಗೋಣಿತಟ್ಟನ್ನು ಮುಟ್ಟಿ ನೋಡಿ, "ಇದು ನಮ್ಮ ಸೊಸಿ ಬೆಳಸಿದ್ದು, ಸಾಹೇಬ್ರ. ಕೊಡೂದು ಬಿಡೂದು ಅಕೀದು. ಅಕೀನ್ನ ಕೇಳ್ರಿ," ಎಂದರು.

ತಹಸೀಲ್ದಾರರು ತಡವರಿಸಿ ಬಾಗಿಲ ಕಡೆ ತಿರುಗಿದರು. "ಏನವ್ವಾ, ಕೊಡ್ತೀರೇನು?"

ಆ ಪಡಸಾಲೆಯಲ್ಲಿ ಅಧಿಕಾರಿಯೊಬ್ಬರು ಹೆಣ್ಣುಮಗಳ ಒಪ್ಪಿಗೆ ಕೇಳಿದ್ದು ಅದೇ ಮೊದಲು. ಸುಮಿತ್ರಾಬಾಯಿ ಸೆರಗು ಹೊದ್ದುಕೊಂಡು ಹೊಸ್ತಿಲು ದಾಟಿ ಬಂದಳು.

"ಈ ಗಿಡ ಕೊಡಂಗಿಲ್ರಿ. ಬುಡದಾಗ ಮರಿ ಒಡದಾವ್ರಿ. ಮಳಿ ಹತ್ತಿದ ಮ್ಯಾಲ ಬರ್ರಿ, ಒಂದು ಮರಿ ಕಿತ್ತು ಕೊಡ್ತೇನಿ. ಹೆಂಗ ಸಾಕಬೇಕು ಅನ್ನೂದನ್ನೂ ಹೇಳ್ತೇನಿ."

ತಹಸೀಲ್ದಾರರು ಶಾಂತಲಿಂಗಪ್ಪನವರ ಮುಖ ನೋಡಿದರು. ಮಾವ ಮೀಸೆಯೊಳಗೇ ನಗುತ್ತ, "ಮಳಿಗಾಲಕ್ಕ ಬರ್ರಿ, ಸಾಹೇಬ್ರ," ಎಂದರು.