ಕಾಪುವಿನ ಕಡಲಡಿಯ ಊರು

“ನನ್ನ ಹೆಂಡತಿಗೆ ಸುಳ್ಳು ಹೇಳುವುದನ್ನು ಇವತ್ತಿಗೆ ನಿಲ್ಲಿಸಬೇಕು, ಬಾಯಮ್ಮ.”

ಜೆರ್ಟ್ರೂಡ್ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಎಂದಾದರೊಂದು ದಿನ ಈ ಮನುಷ್ಯ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಮಣಿಪಾಲದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಲೀಲಾಧರ. ಕಾಪು ಕಡಲ ಬದಿಯ ಅವಳ ಗೂಡಂಗಡಿಯ ಮುಂದೆ ಮುಖ ಕೆಂಪು ಮಾಡಿಕೊಂಡು ನಿಂತಿದ್ದ.

ಸುಳ್ಳು ಹೌದು. ಮಳೆಗಾಲ ಕಳೆದಂದಿನಿಂದ ಅವನ ಹೆಂಡತಿ ದೀಕ್ಷಿತಾ ಪ್ರತಿ ಭಾನುವಾರ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಫೋನಿನಲ್ಲಿ ರೆಕಾರ್ಡ್ ಒತ್ತುತ್ತಿದ್ದಳು. ಜೆರ್ಟ್ರೂಡ್ ಹೇಳುತ್ತಿದ್ದಳು: ಬಂಡೆಗಳ ಆಚೆ, ನೀರಿನಡಿ ಒಂದು ಊರು ಉಂಟು. ಹಿಂದೆ ಕಡಲು ನುಂಗಿದ ಊರು. ಜನ ಸತ್ತಿಲ್ಲ. ದೀಕ್ಷಿತಾ ಕೆದಕಿ ಕೆದಕಿ ಕೇಳುತ್ತಿದ್ದಳು. ಮನೆಗಳಿಗೆ ಬಾಗಿಲು ಉಂಟಾ? ಊಟಕ್ಕೆ ಎಂತ? ಹೊಸಬರು ಬಂದರೆ ಒಳಗೆ ಕರೆಯುತ್ತಾರಾ? ಆ ಕ್ಷಣಕ್ಕೆ ಹೊಳೆದದ್ದನ್ನು ಜೆರ್ಟ್ರೂಡ್ ಹೇಳಿಬಿಡುತ್ತಿದ್ದಳು. ಮರುವಾರಕ್ಕೆ ಅವಳಿಗೇ ಅದು ಮರೆತಿರುತ್ತಿತ್ತು. ದೀಕ್ಷಿತಾ ಒಂದಕ್ಷರ ಮರೆತಿರುತ್ತಿರಲಿಲ್ಲ.

“ನಾನು ಇದನ್ನೇ ಪಾಠ ಮಾಡುವವನು,” ಎಂದ ಲೀಲಾಧರ. “ಪಾಂಡ್ಯರ ನೆಲವನ್ನು ಕಡಲು ನುಂಗಿತು ಅಂತ ತಮಿಳರ ಹಳೆಯ ಗ್ರಂಥಗಳಲ್ಲಿ ಉಂಟು. ಎಷ್ಟೋ ಶತಮಾನ ಕಳೆದ ಮೇಲೆ ಯುರೋಪಿನವರು ಮುಳುಗಿದ ಖಂಡವೊಂದನ್ನು ಬೇರೆಯೇ ಕಾರಣಕ್ಕೆ ಊಹಿಸಿದರು. ಅದನ್ನೂ ಇದನ್ನೂ ಕೂಡಿಸಿ ಕುಮರಿ ಖಂಡ ಆಯಿತು. ಅಂಥ ಖಂಡ ಇರಲೇ ಇಲ್ಲ. ಕಳೆದುಕೊಂಡವರಿಗೆ ‘ಇಲ್ಲ’ ಎನ್ನಲಿಕ್ಕೆ ಆಗುವುದಿಲ್ಲ. ‘ನೀರಿನಡಿ ಉಂಟು’ ಎನ್ನುತ್ತಾರೆ. ಕತೆ ಹುಟ್ಟುವುದು ಹಾಗೆ.”

“ಅಷ್ಟೆಲ್ಲ ನನಗೆ ಗೊತ್ತಿಲ್ಲ, ಸರ್.”

“ಗೊತ್ತಿಲ್ಲದವರು ಯಾಕೆ ಹೇಳಿದಿರಿ? ಅವಳಿಗೆ ಮನೆಯಲ್ಲಿ ಈಗ ಬೇರೆ ಮಾತೇ ಇಲ್ಲ. ಅವಳನ್ನು ಹುಚ್ಚಿ ಮಾಡುತ್ತಿದ್ದೀರಿ.”

ಜೆರ್ಟ್ರೂಡ್ ಸೆರಗಿಗೆ ಕೈ ಒರೆಸಿಕೊಂಡಳು. ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ.

“ಮೊದಲ ದಿನ ಅವರು ಬೆಂಚಿನಲ್ಲಿ ಕೂತಿರಲಿಲ್ಲ, ಸರ್. ಎದೆಮಟ್ಟ ನೀರಿನಲ್ಲಿ ಇದ್ದರು. ಬ್ಯಾಗು ಹೆಗಲಿಗೆ ಹಾಕಿಕೊಂಡೇ ಮುಂದೆ ಮುಂದೆ ಹೋಗುತ್ತಿದ್ದರು. ನನಗೆ ಈಜಲಿಕ್ಕೆ ಬರುವುದಿಲ್ಲ. ಎಷ್ಟು ಕೂಗಿದರೂ ತಿರುಗಲಿಲ್ಲ. ಕಡೆಗೆ ಬಾಯಿಗೆ ಬಂದದ್ದನ್ನು ಕೂಗಿದೆ. ಅಡಿಯಲ್ಲಿ ಊರು ಉಂಟು, ಎಲ್ಲರೂ ಸುಖವಾಗಿದ್ದಾರೆ, ಈಚೆ ಬನ್ನಿ ಹೇಳುತ್ತೇನೆ ಅಂತ. ಆಗ ತಿರುಗಿದರು. ಯಾಕೆ ಹೋಗಿದ್ದು ಅಂತ ನಾನು ಇವತ್ತಿಗೂ ಕೇಳಲಿಲ್ಲ.”

ಹೆಂಡತಿ ಲೀಲಾಧರನಿಗೆ ಇದನ್ನು ಹೇಳಿರಲಿಲ್ಲ. ಅವನು ಬೆಂಚಿನ ಮೇಲೆ ಕುಳಿತ. ಜೆರ್ಟ್ರೂಡ್ ಕೊಟ್ಟ ಚಹಾ ತಣ್ಣಗಾಯಿತು. ಪೊಲೀಸರ ಮಾತು ತೆಗೆಯುತ್ತಾನೋ ಎಂದು ಅವಳು ಹೆದರುತ್ತಿದ್ದಾಗ, ಕಡಲಿನಿಂದ ಕಣ್ಣು ಕೀಳದೆ ಅವನು ಮೆಲ್ಲಗೆ ಕೇಳಿದ:

“ಅಲೆ ಎಳೆದುಕೊಂಡು ಹೋದಾಗ ನಮ್ಮ ಶ್ರವಣ್‌ಗೆ ನಾಲ್ಕು ವರ್ಷ, ಬಾಯಮ್ಮ. ಅಲ್ಲಿ ಅವನನ್ನು ಮಲಗಿಸುವುದು ಯಾರು?”