ಪುಟ್ಟಿಯ ಕೈ

"ಚರ್ಮ ಕಾಣಿಸುತ್ತಿಲ್ಲ. ಬೆಳಕಿರುವ ಕಡೆ ನಿಂತು ಮತ್ತೊಮ್ಮೆ ಫೋಟೋ ತೆಗೆಯಿರಿ" ಎಂದಿತು ಆಸ್ಪತ್ರೆಯ ಆ್ಯಪ್. ತಾಯಿ ಕಿಟಕಿಯ ಪರದೆ ಸರಿಸಿದಳು, ಟ್ಯೂಬ್‌ಲೈಟ್ ಹಾಕಿದಳು, ಅದೂ ಸಾಲದೆಂದು ಟಾರ್ಚ್ ಬಿಟ್ಟಳು. ಜ್ವರದಿಂದ ಮೈ ಹೆಂಚಿನಂತೆ ಕಾಯುತ್ತಿದ್ದ ಪುಟ್ಟಿ ಕಣ್ಣು ಕಿರಿದು ಮಾಡಿಕೊಂಡು ಕೈ ಚಾಚಿಯೇ ಕೂತಿದ್ದಳು. ಅವಳ ಕಪ್ಪು ಮೈಬಣ್ಣದ ಮೇಲೆ ದದ್ದು ಅಷ್ಟಾಗಿ ಎದ್ದು ಕಾಣುತ್ತಿರಲಿಲ್ಲ. ಬೆರಳಾಡಿಸಿದರೆ ಮಾತ್ರ ಮರಳು ಸವರಿದಂತೆ ತರಿತರಿ. ಆ್ಯಪ್‌ಗೆ ಬೆರಳಿಲ್ಲ. ಚರ್ಮ ಕಾಣಿಸುತ್ತಿಲ್ಲ ಎಂದು ಅದು ಮತ್ತೆ ಹೇಳಿತು.

ಬೆಳಿಗ್ಗೆ ಮಗುವನ್ನು ಹೊತ್ತುಕೊಂಡೇ ಆಸ್ಪತ್ರೆಗೆ ಹೋಗಿ ಬಂದಾಗಿತ್ತು. ಮೊದಲು ಫೋಟೋ, ಆಮೇಲೆ ನಂಬರು, ಆಮೇಲೆ ಡಾಕ್ಟರು ಎಂದು ಗೇಟಿನವನು ಬಾಯಿಪಾಠ ಒಪ್ಪಿಸಿ ವಾಪಸು ಕಳಿಸಿದ್ದ. ಆಗಿನಿಂದ ಮಗು ನೀರನ್ನೂ ನುಂಗುತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದರು. ಎಪ್ಪತ್ತು ದಾಟಿದವರು, ಅಚ್ಚ ಬಿಳುಪಿನ ಮೈಯವರು. ಪಾತ್ರೆ ತೊಳೆಯುವ ಸೋಪು ಒಗ್ಗದೆ ಮುಂಗೈ ತುಂಬ ಕೆಂಪು ದದ್ದು.

"ಅದ್ಯಾಕೆ ಆ ಫೋನ್ ಹತ್ರ ಗೋಗರೀತಿದ್ದೀಯಮ್ಮ?"

"ನಮ್ಮ ಬಣ್ಣದ ಮಕ್ಕಳು ಅದಕ್ಕೆ ಕಾಣ್ಸಲ್ಲ, ಅಜ್ಜಿ. ಎದುರುಮನೆ ಮಗೂಗೂ ಹೀಗೇ ಆಗಿತ್ತಂತೆ."

ಅಜ್ಜಿ ಫೋನನ್ನೊಮ್ಮೆ, ಮಗುವನ್ನೊಮ್ಮೆ ನೋಡಿದರು. ಸೆರಗು ಸರಿಸಿ ಮುಂಗೈಯನ್ನು ಮೇಜಿನ ಮೇಲಿಟ್ಟರು. "ನಂದು ತೆಗಿ."

"ಸುಳ್ಳಾಗಲ್ವಾ?"

"ನಿಜ ತೋರ್ಸಿದ್ರೆ ಅದು ನೋಡ್ತಿಲ್ವಲ್ಲ. ತೆಗಿ ಸುಮ್ನೆ."

ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು ಟಿಕ್ ಬಂತು. ನಾಲ್ಕು ವರ್ಷದ ಮಗುವಿನ ಕೈಮೇಲೆ ಅಷ್ಟೊಂದು ಸುಕ್ಕು ಎಲ್ಲಿಂದ ಬಂತೆಂದು ಆ್ಯಪ್ ಕೇಳಲಿಲ್ಲ. ದದ್ದು ಸ್ಪಷ್ಟವಾಗಿದೆ, ಕೂಡಲೇ ಬನ್ನಿ ಎಂದು ನಂಬರು ಕೊಟ್ಟಿತು. ಪುಟಾಣಿಗೆ ಬೇಗ ಗುಣವಾಗಲಿ ಎಂದೂ ಹಾರೈಸಿತು. "ಆಗ್ಲಪ್ಪ," ಎಂದರು ಅಜ್ಜಿ.

ಆಸ್ಪತ್ರೆಯಲ್ಲಿ ಡಾಕ್ಟರು ಕಂಪ್ಯೂಟರಿನಲ್ಲಿದ್ದ ಫೋಟೋ ನೋಡಿದರು. ಪುಟ್ಟಿಯ ಕೈ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಫೋಟೋ ನೋಡಿದರು.

"ಇದು ಯಾರ ಕೈ?"

"ಕೈ ಪಕ್ಕದ ಮನೆ ಅಜ್ಜೀದು, ಡಾಕ್ಟ್ರೇ. ಜ್ವರ ಇವಳ್ದೇ," ಎಂದು ತಾಯಿ ಒಂದೇ ಉಸಿರಿಗೆ ಹೇಳಿದಳು. ಬೈದು ಹೊರಗೆ ಕಳಿಸಿಯಾರೆಂದು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಡಾಕ್ಟರು ಬೈಯಲಿಲ್ಲ. ಮಗುವಿನ ಗಂಟಲು ನೋಡಿ, ಕೈಮೇಲೆ ಬೆರಳಾಡಿಸಿದರು. "ಗಂಟಲಲ್ಲಿ ಸೋಂಕು. ಅದರಿಂದಲೇ ಮೈಮೇಲೆ ಹೀಗಾಗಿದೆ. ಇವತ್ತೇ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು," ಎಂದರು. ಔಷಧಿ ಬರೆಯಲು ಹೋದರೆ, ಫೋಟೋ ಈ ಮಗುವಿನದೇನಾ ಎಂದು ಕಂಪ್ಯೂಟರು ಕೇಳಿತು. ಅಲ್ಲ ಎಂದು ಒತ್ತಿ, ಪುಟ್ಟಿಯ ಕೈಯ ಫೋಟೋವನ್ನು ತಾವೇ ತೆಗೆದರು. ಚರ್ಮ ಕಾಣಿಸುತ್ತಿಲ್ಲ. ದೀಪ ತಿರುಗಿಸಿ ಮತ್ತೆ ತೆಗೆದರು. ಕಾಣಿಸುತ್ತಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಅಜ್ಜಿಯ ಕೈಯನ್ನೇ ವಾಪಸು ಹಾಕಿ, ಹೌದು ಎಂದು ಒತ್ತಿದರು. ಔಷಧಿಯ ಚೀಟಿ ಹೊರಗೆ ಬಂತು.

ಅದನ್ನು ತಾಯಿಯ ಕೈಗೆ ಕೊಡುತ್ತಾ ಡಾಕ್ಟರು ದನಿ ತಗ್ಗಿಸಿದರು.

"ಔಷಧಿ ಒಂದು ಹೊತ್ತೂ ತಪ್ಪಿಸ್ಬೇಡಿ. ಮುಂದಿನ ವಾರ ಮತ್ತೆ ಫೋಟೋ ಕಳಿಸ್ಬೇಕಾಗತ್ತೆ. ಆ ಅಜ್ಜಿ ಊರಲ್ಲೇ ಇರ್ತಾರಲ್ಲ?"